ಬೋನಸ್ ಅಂದ್ರೆ ಕೆಜಿಎಫ್‌ನಲ್ಲಿ ಬೇರೆ

ನಮ್ಮ ಕೆಜಿಎಫ್‌ನಲ್ಲಿ ಬೋನಸ್ ಅಂದ್ರೆ ಸಂಬಳದ ಮೇಲೆ ಸಿಗೋ ದುಡ್ಡು. 1965ರ ಕಾಯ್ದೆಯಲ್ಲಿ ಕನಿಷ್ಠ ಶೇ. 8.33 ಅಂತ ಇತ್ತು. ಬಿ.ಕಾಂನಲ್ಲಿ ಬಾಯಿಪಾಠ ಮಾಡಿದ್ದು, ಇನ್ನೂ ಮರೆತಿಲ್ಲ. ಇವತ್ತಿನ ಬೋನಸ್ ಬೇರೆ. ಹಳೇ ಆಲ್ಬಂ ಮತ್ತೆ ಬಿಡುಗಡೆ ಆದಾಗ ಜೊತೆಗೆ ಕೊಡೋ ಸಂಗೀತ ಕಾರ್ಯಕ್ರಮದ ದೃಶ್ಯಗಳು.

1971ರ ಆಗಸ್ಟ್ 1, ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಪೂರ್ವ ಬಂಗಾಳದ ನಿರಾಶ್ರಿತರಿಗಾಗಿ ಏನಾದ್ರೂ ಮಾಡೋಣ ಅಂತ ರವಿಶಂಕರ್ ಕೇಳಿಕೊಂಡರು, ಜಾರ್ಜ್ ಹ್ಯಾರಿಸನ್ 'ಕನ್ಸರ್ಟ್ ಫಾರ್ ಬಾಂಗ್ಲಾದೇಶ್' ನಡೆಸಿದರು. ಒಂದೇ ದಿನ ಎರಡು ಪ್ರದರ್ಶನ, ಮಧ್ಯಾಹ್ನ ಒಂದು, ರಾತ್ರಿ ಒಂದು, ಥೇಟ್ ಗಣಿ ಶಿಫ್ಟ್ ಥರ. ಟಿಕೆಟ್‌ನಿಂದ ಬಂದ ಸುಮಾರು 2,43,000 ಡಾಲರ್ ಯುನಿಸೆಫ್‌ಗೆ ಹೋಯಿತು. ಆದರೆ ಆಲ್ಬಂ ಮತ್ತು ಸಿನಿಮಾದ ದುಡ್ಡು ವರ್ಷಗಟ್ಟಲೆ ತೆರಿಗೆ ತಕರಾರಿನಲ್ಲಿ ಸಿಕ್ಕಿಕೊಂಡಿತು. ತೆರಿಗೆ ವಿನಾಯಿತಿಗೆ ಮೊದಲೇ ಅರ್ಜಿ ಹಾಕಿರಲಿಲ್ಲ, ಅಷ್ಟೇ. ಕಾಮರ್ಸ್ ಓದಿದವರಿಗೆ ಇದು ಹೊಟ್ಟೆ ಉರಿಸೋ ವಿಷಯ!

2005ರಲ್ಲಿ ಎಲ್ಲವೂ ಮತ್ತೆ ಬಂತು. ಇದ್ದದ್ದನ್ನೇ ಜನ ಇನ್ನೊಮ್ಮೆ ಕೊಳ್ಳಬೇಕಾದರೆ ಏನಾದ್ರೂ ಹೊಸದು ಬೇಕಲ್ಲ? ಹಾಗಾಗಿ ಡಿವಿಡಿಯಲ್ಲಿ ಸಿನಿಮಾಗೆ ಸೇರದ ತುಣುಕುಗಳು. ಅದರಲ್ಲೊಂದು ಹ್ಯಾರಿಸನ್, ಬಾಬ್ ಡಿಲನ್ ಇಬ್ಬರ ರಿಹರ್ಸಲ್. ಡಿಲನ್ ವೇದಿಕೆಗೆ ಬರ್ತಾರಾ ಇಲ್ವಾ ಅಂತ ಹ್ಯಾರಿಸನ್‌ಗೇ ಕೊನೇ ಗಳಿಗೆವರೆಗೂ ಖಾತ್ರಿ ಇರಲಿಲ್ಲ. ಅದು ಗೊತ್ತಿದ್ದು ನೋಡಿದರೆ ಆ ಎರಡು ನಿಮಿಷ ಇಡೀ ಆಲ್ಬಂಗಿಂತ ಹೆಚ್ಚು ಹೇಳುತ್ತೆ. 34 ವರ್ಷ ಅದು ಬೇಡದ ಫಿಲ್ಮ್ ಆಗಿತ್ತು.

ಇದನ್ನ ನೋಡಿದ ಮೇಲೆ ನಾನು ನಮ್ಮನೆ ಅಟ್ಟ ಹತ್ತಿದೆ. ಅಲ್ಲಿ ಚಿಕ್ಕಪ್ಪನ ಮದುವೆಯ ವಿಎಚ್‌ಎಸ್ ಕ್ಯಾಸೆಟ್ ಇದೆ. ಬಂಗಾರಪೇಟೆ ಛತ್ರ, ರಿಸೆಪ್ಷನ್‌ಗೆ ಆರ್ಕೆಸ್ಟ್ರಾ. ಕೀಬೋರ್ಡ್ ನುಡಿಸ್ತಿದ್ದವರು ಗಣಿಯಲ್ಲಿ ಫಿಟ್ಟರ್ ಅಂತೆ. ತಮಿಳು, ತೆಲುಗು, ಕನ್ನಡ, ಹಿಂದಿ, ಯಾವ ಹಾಡು ಕೇಳಿದರೂ ಸೈ ಅಂತಿದ್ದರಂತೆ. ಆದರೆ ಕ್ಯಾಮೆರಾದವರು ತೆಗೆದದ್ದು ಉಡುಗೊರೆ ಕೊಡೋ ಸಾಲು, ಊಟದ ಪಂಕ್ತಿ. ಆರ್ಕೆಸ್ಟ್ರಾ ಇರೋದು ಅವರು ಕ್ಯಾಮೆರಾ ತಿರುಗಿಸುವಾಗ ಮಧ್ಯೆ ಸಿಕ್ಕಷ್ಟೇ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಎಷ್ಟೋ ಜನ ಊರು ಬಿಟ್ಟರು. ಆ ಆರ್ಕೆಸ್ಟ್ರಾದ ಆಲ್ಬಂ ಯಾವುದೂ ಬರಲಿಲ್ಲ, ಮರುಬಿಡುಗಡೆ ಮಾತು ಎಲ್ಲಿಂದ? ಉಳಿದಿರೋದು ಈ ಬೋನಸ್ ಮಾತ್ರ.

ಕ್ಯಾಸೆಟ್‌ಗೆ ಬೂಷ್ಟು ಹಿಡಿದಿದೆ. ಶನಿವಾರ ಬ್ಯಾಗಲ್ಲಿ ಹಾಕ್ಕೊಂಡು ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಹೋಗ್ತೀನಿ. ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ ಕಡೆ ನಿಮ್ಮನೇಲೂ ಇಂಥದ್ದು ಇದ್ರೆ ಶುಕ್ರವಾರದೊಳಗೆ ಹೇಳಿ, ಒಟ್ಟಿಗೇ ಕೊಟ್ಟು ಬರೋಣ.