ಸೂಚಿ ಕೆಟ್ಟರೆ ಮತ್ತೆ ಕಟ್ಟಬಹುದು, ದಾಖಲೆ ಕೆಟ್ಟರೆ?

ಕೋಲಾರ ಸೀಮೆಯ ಇತಿಹಾಸ ಬರೆದವರ ಪುಸ್ತಕಗಳಲ್ಲಿ ಅಡಿಟಿಪ್ಪಣಿಗಳನ್ನು ನೋಡಿದವರಿಗೆ ಒಂದು ವಿಚಿತ್ರ ಕಾಣುತ್ತದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಂಬ ತಾಲ್ಲೂಕುಗಳ ಹೆಸರಿನ ಪಕ್ಕದಲ್ಲಿ ಬರಿಯ ಒಂದು ಅಂಕಿ ಇರುತ್ತದೆ, ಅಷ್ಟೆ. ಅದು ಶಾಸನದ ಸಂಖ್ಯೆ. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಬಿ.ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟ ಕೋಲಾರ ಜಿಲ್ಲೆಯದು. ಅದರಲ್ಲಿ ತಾಲ್ಲೂಕುವಾರು ಕೊಟ್ಟ ಕ್ರಮಸಂಖ್ಯೆಯನ್ನೇ ವಿದ್ವಾಂಸರು ಇಂದಿಗೂ ಬಳಸುತ್ತಾರೆ.

ಆ ಅಂಕಿ ಹಿಡಿದು ಸಂಪುಟ ತೆರೆದರೆ ಶಾಸನ ಯಾವ ಊರಿನದು, ಯಾವ ಹೋಬಳಿಗೆ ಸೇರಿದ್ದು, ಕಲ್ಲು ದೇವಸ್ಥಾನದ ಮುಂದಿದೆಯೋ ಹೊಲದಲ್ಲಿದೆಯೋ ತಿಳಿಯುತ್ತದೆ. ಅಂಕಿ ಕಲ್ಲಿಗೆ ದಾರಿ ತೋರಿಸುತ್ತದೆ. ಇಂಥ ದಾರಿತೋರುಕಕ್ಕೆ ಸೂಚಿ ಎಂದು ಹೆಸರು.

ದಾರಿತೋರುಕ ಹಳತಾಗುವುದೂ ಉಂಟು. ರೈಸರ ಕಾಲದ ಬೌರಿಂಗ್‌ಪೇಟೆ ಈಗ ಬಂಗಾರಪೇಟೆ. 2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದಾಗ ಆ ಸಂಪುಟದ ಚಿಕ್ಕಬಳ್ಳಾಪುರ, ಗೌರಿಬಿದನೂರು, ಬಾಗೇಪಲ್ಲಿ, ಶಿಡ್ಲಘಟ್ಟ, ಚಿಂತಾಮಣಿ ತಾಲ್ಲೂಕುಗಳು ಕೋಲಾರದಿಂದ ಹೊರಹೋದವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಸಂಪುಟಗಳ ಪರಿಷ್ಕೃತ ಆವೃತ್ತಿಯನ್ನು ಹೊರತರತೊಡಗಿದಾಗ ಶಾಸನಗಳಿಗೆ ಹೊಸ ಸಂಖ್ಯೆಗಳು ಬಂದವು. ಹಳೆಯ ಸಂಖ್ಯೆಗೂ ಹೊಸದಕ್ಕೂ ತಾಳೆ ನೋಡುವ ಕೆಲಸ ಓದುಗರ ಪಾಲಿಗೆ ಬಂತು. ಇಷ್ಟಾದರೂ ಒಂದು ಕಲ್ಲೂ ಕದಲಲಿಲ್ಲ, ಒಂದು ಅಕ್ಷರವೂ ಬದಲಾಗಲಿಲ್ಲ. ಬದಲಾದದ್ದು ಸೂಚಿ ಮಾತ್ರ.

ಗಣಕಯಂತ್ರದೊಳಗಿನ ದಾಖಲೆಗಳ ಕಥೆಯೂ ಇದೇ. 1970ರಲ್ಲಿ ಐಬಿಎಂ ಸಂಸ್ಥೆಯ ಇ.ಎಫ್. ಕಾಡ್ ಎಂಬ ಗಣಿತಜ್ಞ, ಮಾಹಿತಿಯನ್ನೆಲ್ಲ ಸಾಲು ಮತ್ತು ಕಂಬಗಳ ಕೋಷ್ಟಕಗಳಲ್ಲಿಟ್ಟು ಅವುಗಳ ನಡುವೆ ಸಂಬಂಧ ಕಲ್ಪಿಸುವ ವಿಧಾನವನ್ನು ಮಂಡಿಸಿದರು. ಇದೇ ‘ರಿಲೇಷನಲ್ ಡೇಟಾಬೇಸ್’. ಕೋಷ್ಟಕ ದೊಡ್ಡದಾದಂತೆ ಒಂದು ಸಾಲನ್ನು ಹುಡುಕುವುದೇ ಕಷ್ಟ. ಇದಕ್ಕೆ ಬೋಯಿಂಗ್ ಕಂಪನಿಯ ಸಂಶೋಧನಾಲಯದಲ್ಲಿದ್ದ ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್‌ಕ್ರೈಟ್ ಅವರು ‘ಬಿ-ಟ್ರೀ’ ಎಂಬ ಮರದಾಕಾರದ ಸೂಚಿಯನ್ನು ರೂಪಿಸಿದರು. 1972ರಲ್ಲಿ ಅವರ ಪ್ರಬಂಧ ಪ್ರಕಟವಾಯಿತು. ಮರದ ಪ್ರತಿ ಕವಲಿನಲ್ಲೂ ಇನ್ನೂರು ದಾರಿಗಳಿವೆ ಎಂದುಕೊಳ್ಳಿ. ಮೂರು ಹೆಜ್ಜೆಗೆ 80 ಲಕ್ಷ ಸಾಲುಗಳಲ್ಲಿ ಒಂದನ್ನು, ನಾಲ್ಕು ಹೆಜ್ಜೆಗೆ 160 ಕೋಟಿಯಲ್ಲಿ ಒಂದನ್ನು ಮುಟ್ಟಬಹುದು.

ರೈತರಿಗೂ ಇದಕ್ಕೂ ಏನು ಸಂಬಂಧ ಎನ್ನಬಹುದು. ಕರ್ನಾಟಕದಲ್ಲಿ ‘ಭೂಮಿ’ ಯೋಜನೆಯಡಿ ಈ ನಾಲ್ಕು ತಾಲ್ಲೂಕುಗಳೂ ಸೇರಿದಂತೆ ಅಂದಿನ 177 ತಾಲ್ಲೂಕುಗಳ ಸುಮಾರು ಎರಡು ಕೋಟಿ ಪಹಣಿಗಳು ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲೇ ಗಣಕಕ್ಕೆ ಸೇರಿದವು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಸರ್ವೆ ನಂಬರ್, ಹಿಸ್ಸಾ ನಂಬರ್ ಕೊಟ್ಟರೆ ಕ್ಷಣದಲ್ಲಿ ಪಹಣಿ ಬರುವುದು ಇಂಥ ಸೂಚಿಗಳ ಬಲದಿಂದ. ಯಾವುದೇ ಕಚೇರಿಯ ಡೇಟಾಬೇಸಿನಲ್ಲಿ ಸೂಚಿ ಕೆಟ್ಟರೆ, ದಾಖಲೆ ಒಳಗೆ ಇದ್ದರೂ ಗಣಕ ‘ಇಲ್ಲ’ ಎನ್ನಬಹುದು. ಬ್ಯಾಂಕಿನ ಸಾಲಕ್ಕೋ ಕೋರ್ಟಿನ ವ್ಯಾಜ್ಯಕ್ಕೋ ಕಾಗದ ಬೇಕಾದವನಿಗೆ ಆ ‘ಇಲ್ಲ’ ಸಣ್ಣ ಮಾತಲ್ಲ.

ಸೂಚಿ ಕೆಡುವುದಾದರೂ ಹೇಗೆ? ಡಿಸ್ಕ್ ದೋಷದಿಂದ ಕೆಡಬಹುದು, ತಂತ್ರಾಂಶದ ತಪ್ಪಿನಿಂದಲೂ ಕೆಡಬಹುದು. ಇನ್ನೊಂದು ಕಾರಣ ಅಕ್ಷರಗಳಿಗೇ ಸಂಬಂಧಿಸಿದ್ದು. ‘ಕ್ಷ’ವನ್ನು ‘ಕ’ದ ಕೆಳಗೆ ಇಡಬೇಕೆ, ವರ್ಣಮಾಲೆಯ ಕೊನೆಯಲ್ಲಿಡಬೇಕೆ? ಒಬ್ಬರು ಒಂದು ಕ್ರಮದಲ್ಲಿ ಜೋಡಿಸಿದ ಪಟ್ಟಿಯನ್ನು ಇನ್ನೊಬ್ಬರು ಬೇರೆ ಕ್ರಮದಲ್ಲಿ ಹುಡುಕಿದರೆ ಹೆಸರು ಸಿಕ್ಕುವುದಿಲ್ಲ. 2018ರಲ್ಲಿ ಲಿನಕ್ಸ್ ವ್ಯವಸ್ಥೆಯ ಮೂಲ ಗ್ರಂಥಾಲಯವಾದ ‘ಜಿಲಿಬ್‌ಸಿ’ಯ 2.28ನೇ ಆವೃತ್ತಿ ಅಕ್ಷರಕ್ರಮದ ನಿಯಮಗಳನ್ನು ವ್ಯಾಪಕವಾಗಿ ಬದಲಿಸಿತು. ಅದನ್ನು ನೆಚ್ಚಿಕೊಂಡಿದ್ದ ಪೋಸ್ಟ್‌ಗ್ರೆಸ್ ಡೇಟಾಬೇಸುಗಳಲ್ಲಿ ಹಳೆಯ ಕ್ರಮದಲ್ಲಿ ಕಟ್ಟಿದ್ದ ಪದಗಳ ಸೂಚಿಗಳನ್ನು ನಂಬುವಂತಿರಲಿಲ್ಲ.

ಪರಿಹಾರ ಕೇಳಲು ಸರಳ. ಕಪ್ಪು ಪರದೆಯ ಮೇಲೆ ಆದೇಶದ ಸಾಲಿನಲ್ಲಿ ‘ರೀಇಂಡೆಕ್ಸ್‌ಡಿಬಿ’ ಎಂದು ಬರೆದು, ಪಕ್ಕದಲ್ಲಿ ಡೇಟಾಬೇಸಿನ ಹೆಸರು ಕೊಟ್ಟು ಕೀಲಿ ಒತ್ತಿದರಾಯಿತು. ಗಣಕ ಹಳೆಯ ಸೂಚಿಯನ್ನು ಬದಿಗಿಟ್ಟು, ಕೋಷ್ಟಕದ ಪ್ರತಿ ಸಾಲನ್ನೂ ಓದಿ, ಹೊಸ ಸೂಚಿ ಕಟ್ಟುತ್ತದೆ. ಅದು ಮುಗಿಯುವವರೆಗೆ ಆ ಕೋಷ್ಟಕದಲ್ಲಿ ಹೊಸದಾಗಿ ಏನನ್ನೂ ಬರೆಯಲಾಗದು. ಆದ್ದರಿಂದಲೇ ಇಂಥ ಕೆಲಸವನ್ನು ರಾತ್ರಿ ಹೊತ್ತಿಗೆ ಇಟ್ಟುಕೊಳ್ಳುವ ರೂಢಿ. 2019ರಲ್ಲಿ ಬಂದ ಪೋಸ್ಟ್‌ಗ್ರೆಸ್ 12ನೇ ಆವೃತ್ತಿಯಿಂದ, ಕಚೇರಿಯ ಕೆಲಸ ನಿಲ್ಲಿಸದೆ ಪಕ್ಕದಲ್ಲೇ ಹೊಸ ಸೂಚಿ ಕಟ್ಟುವ ಅನುಕೂಲವೂ ಇದೆ. ಸಮಯ ಹೆಚ್ಚು ಬೇಕು. ಎರಡೂ ಸೂಚಿಗಳಿಗೆ ಸಾಲುವಷ್ಟು ಜಾಗವೂ ಬೇಕು.

ಆದರೆ ಒಂದು ತೊಡಕಿದೆ. ಒಂದು ಸಂಖ್ಯೆಗೆ ಒಂದೇ ಸಾಲು ಇರಬೇಕೆಂದು ಕಾಯುವುದೂ ಸೂಚಿಯದೇ ಕೆಲಸ. ಅದು ಕೆಟ್ಟಿದ್ದ ದಿನಗಳಲ್ಲಿ ಮೊದಲಿನ ಸಾಲು ಕಣ್ಣಿಗೆ ಬೀಳದೆ, ಅದೇ ಸಂಖ್ಯೆಯ ಇನ್ನೊಂದು ಸಾಲು ಒಳನುಸುಳಬಹುದು. ಮರಳಿ ಕಟ್ಟುವಾಗ ಗಣಕ ಅಲ್ಲಿಗೆ ಬಂದು, ಎರಡಿವೆ ಎಂದು ದೂರಿ ನಿಂತುಬಿಡುತ್ತದೆ. ಮಾಲೂರಿನ ಒಂದು ಹಿಸ್ಸಾ ನಂಬರಿಗೆ ಇಬ್ಬರು ಖಾತೆದಾರರು ಎದ್ದು ಬಂದರೆ ಯಾರನ್ನು ಉಳಿಸಬೇಕು? ಕೆಲಸ ಮುಗಿಯಲಿ ಎಂದು ಒಂದು ಸಾಲನ್ನು ಅಳಿಸುವುದು ಸುಲಭ. ಆದರೆ ಅದು ಯಾರದೋ ಜಮೀನು. ತೀರ್ಮಾನ ಮಾಡಬೇಕಾದವರು ಮೂಲ ಕಾಗದ ನೋಡುವ ಅಧಿಕಾರಿ, ಆದೇಶದ ಸಾಲು ಬರೆಯುವವರಲ್ಲ. ಮೊದಲು ಪೂರ್ಣ ಪ್ರತಿ ತೆಗೆದಿಡದೆ ಈ ಕೆಲಸಕ್ಕೆ ಕೈಹಾಕಬಾರದು ಎಂದು ಅನುಭವಿಗಳು ಹೇಳುವುದು ಇದಕ್ಕೇ.

ಸೂಚಿಯನ್ನು ಎಷ್ಟು ಸಲ ಬೇಕಾದರೂ ಕಟ್ಟಬಹುದು, ಮೂಲ ಇದ್ದರೆ. ಮುಳಬಾಗಿಲಿನ ಬಯಲಲ್ಲೋ ಶ್ರೀನಿವಾಸಪುರದ ಕೆರೆ ಏರಿಯಲ್ಲೋ ನಿಂತ ಶಾಸನವೊಂದು ರಸ್ತೆ ಅಗಲಿಸುವಾಗ ಜಲ್ಲಿಯಾಗಿ ಹೋದರೆ, ಅದನ್ನು ಮರಳಿ ತರುವ ಆದೇಶ ಯಾವ ಗಣಕದಲ್ಲೂ ಇಲ್ಲ. ಆಗ ನಮಗೆ ಉಳಿಯುವುದು ಒಂದು ಶತಮಾನಕ್ಕೂ ಹಿಂದೆ ಯಾರೋ ಕಾಗದದ ಮೇಲೆ ಅಚ್ಚು ತೆಗೆದು, ಓದಿ, ಮುದ್ರಿಸಿಟ್ಟ ಪ್ರತಿ. ರೈಸ್ ಮತ್ತು ಅವರ ಪಂಡಿತರು ಸಂಸ್ಥಾನದಾದ್ಯಂತ ಸುಮಾರು ಒಂಬತ್ತು ಸಾವಿರ ಶಾಸನಗಳಿಗೆ ಆ ಕೆಲಸ ಮಾಡಿಟ್ಟರು. ಅವರ ಕಣ್ಣಿಗೆ ಬೀಳದ ಕಲ್ಲುಗಳಿಗೆ ಅಂಥ ಪ್ರತಿ ತೆಗೆದಿಡುವುದು ಇಂದಿನವರ ಕೆಲಸ.