ಕಂಪ್ಯೂಟರ್ ಸ್ನಾತಕೋತ್ತರ ಪದವಿ: ಆರಗದ ವಿದ್ಯಾರ್ಥಿಗೆ ಏನೇನು ಬೇಕು?

ಮಿರಜ: ಮಿರಜ ತಾಲೂಕಿನ ಆರಗ ಗಡಿಯಂಚಿನ ಊರು. ಇಲ್ಲಿಯ ವಿದ್ಯಾರ್ಥಿಗೆ ಒಂದು ಕಡೆ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯ, ಇನ್ನೊಂದು ಕಡೆ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ. ಎರಡೂ ರಾಜ್ಯಗಳ ಬಾಗಿಲು ಹತ್ತಿರವೇ ಇದ್ದರೂ ನಿಯಮಗಳು ಬೇರೆ ಬೇರೆ. ಡಿಗ್ರಿ ಮುಗಿದ ಮೇಲೆ ವಿಚಾರಿಸುವುದಕ್ಕಿಂತ ಹತ್ತನೇ ತರಗತಿ ಮುಗಿದಾಗಲೇ ತಿಳಿದುಕೊಳ್ಳುವುದು ಒಳ್ಳೆಯದು.

ಮೂರು ದಾರಿಗಳು

ಕಂಪ್ಯೂಟರ್ ವಿಷಯದಲ್ಲಿ ಸ್ನಾತಕೋತ್ತರ ಪದವಿಗೆ ಮುಖ್ಯವಾಗಿ ಮೂರು ದಾರಿಗಳಿವೆ: ಎಂಸಿಎ, ಎಂಎಸ್ಸಿ ಮತ್ತು ಎಂಟೆಕ್.

ಎಂಸಿಎ: ಮೊದಲು ಮೂರು ವರ್ಷದ್ದಾಗಿದ್ದ ಈ ಕೋರ್ಸು 2020-21ರಿಂದ ಎರಡು ವರ್ಷಕ್ಕೆ ಇಳಿದಿದೆ. ಡಿಗ್ರಿಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ. 50, ಮೀಸಲು ವರ್ಗದವರಿಗೆ ಶೇ. 45 ಅಂಕ ಬೇಕು. ಬಿಸಿಎ ಓದಿದವರಷ್ಟೇ ಅಲ್ಲ, ಬಿಎ, ಬಿಕಾಂ, ಬಿಎಸ್ಸಿ ಓದಿದವರೂ ಸೇರಬಹುದು. ಮಹಾರಾಷ್ಟ್ರದಲ್ಲಿ ರಾಜ್ಯ ಸಿಇಟಿ ಸೆಲ್ ನಡೆಸುವ ಎಂಸಿಎ ಸಿಇಟಿ, ಕರ್ನಾಟಕದಲ್ಲಿ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಪಿಜಿಸಿಇಟಿ ಬರೆಯಬೇಕು.

ಎಂಎಸ್ಸಿ: ಸಾಮಾನ್ಯವಾಗಿ ಕಂಪ್ಯೂಟರ್ ವಿಷಯದ ಬಿಎಸ್ಸಿ ಅಥವಾ ಬಿಸಿಎ ಆಗಿರಬೇಕು. ಅರ್ಹತೆಯನ್ನು ಆಯಾ ವಿಶ್ವವಿದ್ಯಾಲಯವೇ ನಿಗದಿ ಮಾಡುತ್ತದೆ. ಹೊಸ ಶಿಕ್ಷಣ ನೀತಿಯಂತೆ ಮೂರು ವರ್ಷದ ಡಿಗ್ರಿ ಮುಗಿಸಿದವರಿಗೆ ಎರಡು ವರ್ಷದ, ನಾಲ್ಕು ವರ್ಷದ ಆನರ್ಸ್ ಮುಗಿಸಿದವರಿಗೆ ಒಂದು ವರ್ಷದ ಸ್ನಾತಕೋತ್ತರ ಕೋರ್ಸಿಗೆ ಅವಕಾಶವಿದೆ.

ಎಂಟೆಕ್: ಇದು ಹೆಚ್ಚಾಗಿ ಬಿಇ, ಬಿಟೆಕ್ ಮುಗಿಸಿದವರ ದಾರಿ. ಗೇಟ್ ಪರೀಕ್ಷೆಯ ಅಂಕ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಗೇಟ್ ಅರ್ಹತೆ ಪಡೆದು ಸೇರಿದವರಿಗೆ ತಿಂಗಳಿಗೆ 12,400 ರೂ. ವಿದ್ಯಾರ್ಥಿವೇತನದ ಅವಕಾಶವಿದೆ. ಹತ್ತಿರದಲ್ಲಿ ಸಾಂಗಲಿಯ ವಾಲಚಂದ್ ಎಂಜಿನಿಯರಿಂಗ್ ಕಾಲೇಜು (ಸ್ಥಾಪನೆ 1947) ಇದೆ.

ಗಣಿತದ ಪ್ರಶ್ನೆ

ಹಳ್ಳಿಯ ಅನೇಕ ಮಕ್ಕಳು ಹತ್ತನೇ ತರಗತಿ ಮುಗಿದೊಡನೆ ಗಣಿತಕ್ಕೆ ಕೈ ಮುಗಿದುಬಿಡುತ್ತಾರೆ. ತೊಂದರೆ ಶುರುವಾಗುವುದು ಇಲ್ಲಿಯೇ. 12ನೇ ತರಗತಿಯಲ್ಲಿ ಅಥವಾ ಡಿಗ್ರಿಯಲ್ಲಿ ಗಣಿತ ಓದಿರಬೇಕೆಂಬುದು ಎಂಸಿಎಗೆ ಬಹುಕಾಲದಿಂದ ಇದ್ದ ನಿಯಮ. ತಾಂತ್ರಿಕ ಶಿಕ್ಷಣ ಪರಿಷತ್ತು (ಎಐಸಿಟಿಇ) 2024ರ ಕೈಪಿಡಿಯಲ್ಲಿ ಇದನ್ನು ಸಡಿಲಿಸಿ, ಗಣಿತ ಇದ್ದರೆ ಒಳ್ಳೆಯದು, ಇಲ್ಲದವರಿಗೆ ಬ್ರಿಜ್ ಕೋರ್ಸ್ ಕಡ್ಡಾಯ ಎಂದಿತು. ಆದರೂ ಪ್ರವೇಶ ಕೊಡುವ ಸಂಸ್ಥೆಯ ಆ ವರ್ಷದ ನಿಯಮವೇ ಅಂತಿಮ.

ನಿಯಮ ಸಡಿಲವಾದರೂ ಪರೀಕ್ಷೆ ಸಡಿಲವಾಗಿಲ್ಲ. ಮಹಾರಾಷ್ಟ್ರದ ಎಂಸಿಎ ಸಿಇಟಿಯಲ್ಲಿ ಗಣಿತ, ತರ್ಕ, ಇಂಗ್ಲಿಷ್ ಮತ್ತು ಕಂಪ್ಯೂಟರ್ ಪ್ರಶ್ನೆಗಳಿರುತ್ತವೆ. ಎನ್ಐಟಿಗಳ ಎಂಸಿಎಗೆ ನಡೆಯುವ ನಿಮ್ಸೆಟ್ ಬರೆಯುವವರಿಗಂತೂ ಡಿಗ್ರಿಯಲ್ಲೇ ಗಣಿತ ಅಥವಾ ಸಂಖ್ಯಾಶಾಸ್ತ್ರ ಬೇಕು. ಸಾಮಾನ್ಯ ವರ್ಗದವರಿಗೆ ಶೇ. 60 ಅಂಕವೂ ಇರಬೇಕು.

ಕಲಾ ವಿಭಾಗ ಸೇರಿದರೂ ಗಣಿತವನ್ನು ಒಂದು ವಿಷಯವಾಗಿ ಉಳಿಸಿಕೊಂಡ ವಿದ್ಯಾರ್ಥಿಗೆ ಮುಂದೆ ಹೆಚ್ಚು ಬಾಗಿಲು ತೆರೆದಿರುತ್ತವೆ.

ಗಡಿಯ ಗೊಂದಲ

ಕನ್ನಡ ಮನೆಮಾತಾಗಿದ್ದರೆ ಕರ್ನಾಟಕದಲ್ಲಿ ಗಡಿನಾಡು ಕನ್ನಡಿಗರ ಸೌಲಭ್ಯ ತಾನಾಗಿಯೇ ಸಿಗುತ್ತದೆ ಎಂದು ನಂಬಿ ಕೂರಬಾರದು. ಡಿಗ್ರಿ ಹಂತದ ವೃತ್ತಿಪರ ಕೋರ್ಸುಗಳ ಸಿಇಟಿ ನಿಯಮದಲ್ಲಿ ಈ ಸೌಲಭ್ಯಕ್ಕೆ ಹೆಸರಿಸಿರುವ ಮಹಾರಾಷ್ಟ್ರದ ತಾಲೂಕುಗಳು ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟ, ಜತ್ತ ಮತ್ತು ಗಡಹಿಂಗ್ಲಜ. ಪಕ್ಕದ ಜತ್ತ ಇದೆ, ಮಿರಜ ಇಲ್ಲ. ಹೀಗಾಗಿ ಆರಗದವರು ನೋಡಬೇಕಾದದ್ದು ಹೊರನಾಡು ಕನ್ನಡಿಗರ ಕಲಂ. ಅದಕ್ಕೆ ಕೆಇಎ ನಡೆಸುವ ಕನ್ನಡ ಭಾಷಾ ಪರೀಕ್ಷೆ ಪಾಸಾಗಬೇಕು. ಪಿಜಿಸಿಇಟಿ ಬರೆಯುವವರು ಆ ವರ್ಷದ ಮಾಹಿತಿ ಪುಸ್ತಕದ ಅರ್ಹತಾ ಕಲಮುಗಳನ್ನು ಪ್ರತ್ಯೇಕವಾಗಿ ಓದಿಕೊಳ್ಳಬೇಕು.

ಮಹಾರಾಷ್ಟ್ರದ ಜಾತಿ ಪ್ರಮಾಣಪತ್ರದ ಮೇಲೆ ಕರ್ನಾಟಕದ ಮೀಸಲು ಸೀಟು ಸಿಗುವುದಿಲ್ಲ ಎಂಬುದೂ ನೆನಪಿರಲಿ. ಮೀಸಲಾತಿ ಬೇಕಾದವರಿಗೆ ಮಹಾರಾಷ್ಟ್ರದ ದಾರಿಯೇ ಅನುಕೂಲ.

ಕಾಗದಪತ್ರ

ಹತ್ತನೇ, 12ನೇ ಹಾಗೂ ಡಿಗ್ರಿಯ ಅಂಕಪಟ್ಟಿ, ಶಾಲೆ ಬಿಟ್ಟ ದಾಖಲೆ, ಡೊಮಿಸೈಲ್, ಆಧಾರ್ ಸಿದ್ಧವಿರಲಿ. ಮೀಸಲು ವರ್ಗದವರಿಗೆ ಜಾತಿ ಪ್ರಮಾಣಪತ್ರದ ಜೊತೆ ಜಾತಿ ವ್ಯಾಲಿಡಿಟಿ, ಒಬಿಸಿಯವರಿಗೆ ನಾನ್ ಕ್ರಿಮಿಲೇಯರ್ ಕೂಡ ಬೇಕು. ವ್ಯಾಲಿಡಿಟಿ ಕೈಗೆ ಬರಲು ಸಮಯ ಹಿಡಿಯುತ್ತದೆ. ಆದ್ದರಿಂದ ಡಿಗ್ರಿಯ ಕೊನೆಯ ವರ್ಷಕ್ಕೆ ಕಾಯದೆ ಮೊದಲೇ ಅರ್ಜಿ ಹಾಕುವುದು ಕ್ಷೇಮ. ಎಲ್ಲ ಕಾಗದಗಳಲ್ಲೂ ಹೆಸರು ಮತ್ತು ಅಡ್ಡಹೆಸರು ಒಂದೇ ರೀತಿ ಇವೆಯೇ ಎಂದು ಇಂದೇ ನೋಡಿಕೊಳ್ಳಿ.