ಅಂಗಳದಿಂದ ಹಿಂದೆ ಸರಿದವರು, ಅಂಗಳದ ಹೊರಗಿನ ತೀರ್ಪುಗಳು

ಹೆಸರುವಾಸಿ ಆಟಗಾರರೊಬ್ಬರು ಮಾನಸಿಕ ಆರೋಗ್ಯದ ಕಾರಣ ಕೊಟ್ಟು ಸ್ಪರ್ಧೆಯಿಂದ ಹಿಂದೆ ಸರಿದಾಗ, ಜನರಲ್ಲಿ ಅನುಕಂಪಕ್ಕಿಂತ ಮೊದಲು ಏಳುವುದು ಅನುಮಾನ. ಮೊಣಕಾಲಿನ ಗಾಯಕ್ಕೆ ಸ್ಕ್ಯಾನ್ ಇದೆ, ಪ್ಲಾಸ್ಟರ್ ಇದೆ, ಊರುಗೋಲಿದೆ. ಮನಸ್ಸಿನ ಬಳಲಿಕೆಗೆ ಹೊರಗಿನವರ ಕಣ್ಣಿಗೆ ಬೀಳುವ ಗುರುತಿಲ್ಲ. ನಿನ್ನೆ ಸಿಕ್ಸರ್ ಬಾರಿಸಿದವರಿಗೆ ಇವತ್ತು ಏನಾಯಿತು ಎಂಬ ಪ್ರಶ್ನೆ ಬಂದೇ ಬರುತ್ತದೆ. ಕಳೆದ ಇಪ್ಪತ್ತು ವರ್ಷಗಳಲ್ಲಿ ಆ ಪ್ರಶ್ನೆಯ ದನಿ ಮೆತ್ತಗಾಗಿರುವುದು ನಿಜ. ಎಲ್ಲರ ವಿಷಯದಲ್ಲೂ ಅಲ್ಲ. ಆಗಲೇ ಗೆದ್ದವರಿಗೆ ಸಿಕ್ಕ ರಿಯಾಯಿತಿ ಇನ್ನೂ ಗೆಲ್ಲಬೇಕಾದವರಿಗೆ ಸಿಕ್ಕಿಲ್ಲ.

ಕ್ರಿಕೆಟ್ಟಿನಲ್ಲಿ ಈ ಚರ್ಚೆ ಬಲಗೊಂಡದ್ದು 2006ರಲ್ಲಿ. ಆ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ಆರಂಭಿಕ ಬ್ಯಾಟರ್ ಮಾರ್ಕಸ್ ಟ್ರೆಸ್ಕಾಥಿಕ್ ಭಾರತ ಪ್ರವಾಸವನ್ನು ಅರ್ಧಕ್ಕೇ ಬಿಟ್ಟು ತವರಿಗೆ ಮರಳಿದರು. ಮೊದಲು ಹೊರಬಿದ್ದ ವಿವರಣೆ ಕೌಟುಂಬಿಕ ಕಾರಣ, ಆಮೇಲಿನದು ವೈರಾಣು ಸೋಂಕು. ನಿಜವಾದ ಕಾರಣವನ್ನು ಮುಚ್ಚಿಟ್ಟಷ್ಟೂ ಗಾಳಿಮಾತು ಹೆಚ್ಚಿತು. ಅದೇ ವರ್ಷದ ನವೆಂಬರಿನಲ್ಲಿ ಅವರು ಆಸ್ಟ್ರೇಲಿಯಾದಿಂದಲೂ ವಾಪಸಾದರು. ಖಿನ್ನತೆಯ ಬಗ್ಗೆ ಬಿಚ್ಚಿ ಬರೆದ ಅವರ ಆತ್ಮಕಥೆ 2008ರಲ್ಲಿ ಪ್ರಕಟವಾಗಿ, ಬ್ರಿಟನ್ನಿನ ವಿಲಿಯಂ ಹಿಲ್ ಕ್ರೀಡಾಪುಸ್ತಕ ಪ್ರಶಸ್ತಿ ಪಡೆಯಿತು. ಹೊತ್ತಿಗೆ ಹೇಳದೆ ಇದ್ದದ್ದನ್ನು ತಡವಾಗಿ ಹೇಳಿದಾಗ ಓದುಗರು ಗೌರವದಿಂದಲೇ ಕೇಳಿಸಿಕೊಂಡರು.

ಆ ಗೌರವ ಎಷ್ಟು ತೆಳುವಾದದ್ದು ಎಂಬುದನ್ನು ಇಂಗ್ಲೆಂಡಿನ ಮತ್ತೊಬ್ಬ ಬ್ಯಾಟರ್ ಜೊನಾಥನ್ ಟ್ರಾಟ್ ಪ್ರಕರಣ ತೋರಿಸಿತು. 2013ರ ಆ್ಯಶಸ್ ಸರಣಿಯ ಬ್ರಿಸ್ಬೇನ್ ಟೆಸ್ಟ್ ಮುಗಿದದ್ದೇ ಅವರು ಮನೆಗೆ ಹೊರಟಾಗ ಎದುರಾಳಿ ದೇಶದವರೂ ಒಳ್ಳೆಯ ಮಾತಾಡಿದರು. ಕೆಲವು ತಿಂಗಳ ಮೇಲೆ, ತಮಗಾದದ್ದು ಖಿನ್ನತೆಯಲ್ಲ, ವಿಪರೀತ ದಣಿವು ಎಂದು ಟ್ರಾಟ್ ಹೇಳಿದ್ದೇ ತಡ, ಮಾಜಿ ನಾಯಕ ಮೈಕೆಲ್ ವಾನ್ ತಮಗೆ ಮೋಸವಾದಂತೆ ಅನಿಸಿತೆಂದು ಪತ್ರಿಕೆಯಲ್ಲಿ ಬರೆದರು. ವೈದ್ಯರು ಹೆಸರಿಟ್ಟ ಕಾಯಿಲೆಗೆ ಮರುಕ ಸಿಗುತ್ತದೆ, ದಣಿವು ಎಂದರೆ ಮೈಗಳ್ಳತನದ ಆರೋಪ. ಈ ತಾರತಮ್ಯ ಇಂದಿಗೂ ಹೋಗಿಲ್ಲ.

2019ರ ಅಕ್ಟೋಬರ್ ಕೊನೆಯಲ್ಲಿ ಆಸ್ಟ್ರೇಲಿಯಾದ ಗ್ಲೆನ್ ಮ್ಯಾಕ್ಸ್‌ವೆಲ್ ಶ್ರೀಲಂಕಾ ವಿರುದ್ಧದ ಸರಣಿಯ ನಡುವೆ ಬಿಡುವು ಕೇಳಿದರು. ಕೆಲವೇ ದಿನ ಮುಂಚೆ ಅಡಿಲೇಡಿನಲ್ಲಿ 28 ಎಸೆತಕ್ಕೆ 62 ರನ್ ಹೊಡೆದಿದ್ದವರು ಅವರು. ರನ್ ಬರದೆ ನೆಪ ಹುಡುಕಿದರು ಎನ್ನಲು ಯಾರಿಗೂ ಆಗಲಿಲ್ಲ. ನವೆಂಬರಿನಲ್ಲಿ ಇಂದೋರಿನಲ್ಲಿ ಈ ಬಗ್ಗೆ ಕೇಳಿದಾಗ ವಿರಾಟ್ ಕೊಹ್ಲಿ ಮ್ಯಾಕ್ಸ್‌ವೆಲ್‌ರನ್ನು ಮೆಚ್ಚಿ ಮಾತಾಡಿದರು. 2014ರ ಇಂಗ್ಲೆಂಡ್ ಪ್ರವಾಸದಲ್ಲಿ ತಮಗೂ ದಿಕ್ಕು ತೋಚದಂತಾಗಿತ್ತು, ಆಗ ಯಾರಿಗೆ ಏನು ಹೇಳಬೇಕೆಂದೇ ತಿಳಿದಿರಲಿಲ್ಲ ಎಂದರು. ಮಾರುಕಟ್ಟೆಯೂ ಮುನಿಯಲಿಲ್ಲ. ಡಿಸೆಂಬರಿನ ಐಪಿಎಲ್ ಹರಾಜಿನಲ್ಲಿ ಪಂಜಾಬ್ ತಂಡ ಮ್ಯಾಕ್ಸ್‌ವೆಲ್‌ಗೆ 10.75 ಕೋಟಿ ರೂಪಾಯಿ ಕೊಟ್ಟಿತು. 2021ರಲ್ಲಿ ಬೆಂಗಳೂರಿನ ಆರ್‌ಸಿಬಿ 14.25 ಕೋಟಿ ಕೊಟ್ಟಿತು.

2021ರಲ್ಲಿ ಈ ವಿಷಯ ಕ್ರೀಡಾಪುಟ ದಾಟಿ ಮುಖಪುಟಕ್ಕೆ ಬಂತು. ಫ್ರೆಂಚ್ ಓಪನ್ ವೇಳೆ ಪತ್ರಿಕಾಗೋಷ್ಠಿಗೆ ಬರಲೊಪ್ಪದ ಟೆನಿಸ್ ತಾರೆ ನವೋಮಿ ಒಸಾಕಾ ಅವರಿಗೆ ಸಂಘಟಕರು 15,000 ಡಾಲರ್ ದಂಡ ಹಾಕಿದರು. ಮರುದಿನವೇ, ಮೇ 31ರಂದು, ಅವರು ಟೂರ್ನಿ ತೊರೆದರು. ಜುಲೈ 27ರಂದು ಟೋಕಿಯೊ ಒಲಿಂಪಿಕ್ಸ್‌ನ ತಂಡ ಫೈನಲ್ಲಿನ ನಡುವೆ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಹಿಂದೆ ಸರಿದರು. ಗಾಳಿಯಲ್ಲಿ ತಿರುಗುವಾಗ ದೇಹ ಎತ್ತ ಇದೆ ಎಂಬ ಅರಿವೇ ತಪ್ಪಿಹೋಗುವ ಸ್ಥಿತಿ ಅವರದಾಗಿತ್ತು. ಹಾಗೇ ಜಿಗಿದಿದ್ದರೆ ಕುತ್ತಿಗೆ ಮುರಿಯುವ ಅಪಾಯವಿತ್ತು. ಆದರೂ ಟೆಕ್ಸಾಸ್ ರಾಜ್ಯದ ಒಬ್ಬ ಉನ್ನತ ಕಾನೂನು ಅಧಿಕಾರಿ ಅವರನ್ನು ದೇಶಕ್ಕೆ ಅವಮಾನ ಎಂದು ಕರೆದು, ಆಮೇಲೆ ಕ್ಷಮೆ ಕೇಳಿದ. ಬೈಲ್ಸ್ ಅದೇ ಕೂಟದಲ್ಲಿ ಬೀಮ್ ವಿಭಾಗದ ಕಂಚು ಗೆದ್ದರು; 2024ರ ಪ್ಯಾರಿಸ್‌ನಲ್ಲಿ ಮೂರು ಚಿನ್ನ ತಂದರು. ಪದಕ ಬಂದ ಮೇಲೆ ಟೀಕಾಕಾರರಿಗೆ ಮಾತು ಹೊರಡಲಿಲ್ಲ. ಪದಕ ಬಾರದಿದ್ದರೆ ಏನಾಗುತ್ತಿತ್ತು ಎಂಬುದೇ ಅಸಲು ಪ್ರಶ್ನೆ.

ಅದಕ್ಕೆ ಉತ್ತರ ನಮ್ಮ ದೇಶದಲ್ಲೇ ಇತ್ತು. ಟೋಕಿಯೊದಲ್ಲಿ ಕ್ವಾರ್ಟರ್ ಫೈನಲಿನಲ್ಲಿ ಸೋತ ಕುಸ್ತಿಪಟು ವಿನೇಶ್ ಫೋಗಟ್ ಅವರನ್ನು ಕುಸ್ತಿ ಫೆಡರೇಷನ್ ಅಶಿಸ್ತಿನ ಹೆಸರಿನಲ್ಲಿ ಅಮಾನತು ಮಾಡಿತು. ಆ ಆಗಸ್ಟಿನಲ್ಲಿ ಪತ್ರಿಕೆಯೊಂದರಲ್ಲಿ ತಮ್ಮ ಖಿನ್ನತೆಯ ಬಗ್ಗೆ ಬರೆದ ವಿನೇಶ್, ಬೈಲ್ಸ್‌ರನ್ನು ಕೊಂಡಾಡುವ ನಾವು ಇಲ್ಲಿ ಅದನ್ನೇ ಹೇಳಲು ಬಿಡುತ್ತೇವೆಯೇ, ಕಣಕ್ಕಿಳಿಯದಿರುವುದು ಹಾಗಿರಲಿ, ಸಿದ್ಧಳಿಲ್ಲ ಎಂದು ಬಾಯಿಬಿಟ್ಟು ಹೇಳಿ ನೋಡಿ ಎಂಬರ್ಥದ ಮಾತು ಬರೆದರು. ಇಡೀ ಚರ್ಚೆಯಲ್ಲಿ ಇದಕ್ಕಿಂತ ನೇರವಾಗಿ ಯಾರೂ ಹೇಳಿದ್ದಿಲ್ಲ.

ಕರ್ನಾಟಕದ ಮಟ್ಟಿಗೆ ಮೊದಲು ನೆನೆಯಬೇಕಾದದ್ದು ರಾಬಿನ್ ಉತ್ತಪ್ಪ ಅವರನ್ನು. ಕೊಡಗು ಮೂಲದ ಈ ಬ್ಯಾಟರ್ 2020ರ ಜೂನಿನಲ್ಲಿ, 2009ರಿಂದ 2011ರವರೆಗೆ ಆತ್ಮಹತ್ಯೆಯ ಯೋಚನೆಯೊಂದಿಗೆ ದಿನ ದೂಡಿದ್ದೆ ಎಂದು ಹೇಳಿಕೊಂಡರು. ಆ ಅವಧಿಯ ಎರಡು ಐಪಿಎಲ್ ಋತುಗಳಲ್ಲಿ ಅವರು ಆಡಿದ್ದು ಆರ್‌ಸಿಬಿಗೇ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಹೆಸರು ಕೂಗುತ್ತಿದ್ದವರಿಗೆ ಇದರ ಸುಳಿವಿರಲಿಲ್ಲ. ಉತ್ತಪ್ಪ ಹಿಂದೆ ಸರಿಯಲಿಲ್ಲ, ಸರಿಯಬಹುದು ಎಂಬ ದಾರಿಯೇ ಆಗ ಇರಲಿಲ್ಲ. ನೆರವು ಪಡೆದು ಚೇತರಿಸಿಕೊಂಡು 2014ರಲ್ಲಿ ಕೋಲ್ಕತ್ತ ಪರ 660 ರನ್ ಗಳಿಸಿ, ಆ ಋತುವಿನಲ್ಲಿ ಅತಿ ಹೆಚ್ಚು ರನ್ ಹೊಡೆದವರಾದರು. 2020ರ ಅವರ ಹೇಳಿಕೆಗೆ ನಾಡಿನಲ್ಲಿ ಸಿಕ್ಕ ಪ್ರತಿಕ್ರಿಯೆ ಬಹುಪಾಲು ಪ್ರೀತಿಯದೇ. ಬ್ಯಾಡ್ಮಿಂಟನ್ ತಾರೆ ಪ್ರಕಾಶ್ ಪಡುಕೋಣೆ ಅವರ ಮಗಳು, ನಟಿ ದೀಪಿಕಾ 2015ರಲ್ಲೇ ತಮ್ಮ ಖಿನ್ನತೆಯ ಬಗ್ಗೆ ಹೇಳಿ ಸಂಸ್ಥೆಯೊಂದನ್ನು ಕಟ್ಟಿದ್ದು ಕೇಳುವವರ ಕಿವಿಯನ್ನು ಸ್ವಲ್ಪ ಹದಗೊಳಿಸಿತ್ತು.

ಕಡೂರಿನ ಕ್ರಿಕೆಟ್ ಆಟಗಾರ್ತಿ ವೇದಾ ಕೃಷ್ಣಮೂರ್ತಿ ಅವರದು ಬೇರೆ ಬಗೆಯ ಕತೆ. 2021ರ ಕೋವಿಡ್ ಎರಡನೇ ಅಲೆಯಲ್ಲಿ ಅವರು ತಾಯಿಯನ್ನೂ ಅಕ್ಕನನ್ನೂ ಕಳೆದುಕೊಂಡರು. ಇಂಗ್ಲೆಂಡ್ ಪ್ರವಾಸದ ತಂಡದಲ್ಲಿ ಅವರ ಹೆಸರಿರಲಿಲ್ಲ. ಕ್ರಿಕೆಟ್ ಮಂಡಳಿಯಿಂದ ಒಂದು ವಿಚಾರಣೆಯ ಕರೆಯೂ ಹೋಗಿಲ್ಲ ಎಂದು ಆಸ್ಟ್ರೇಲಿಯಾದ ಮಾಜಿ ನಾಯಕಿ ಲಿಸಾ ಸ್ಥಳೇಕರ್ ಬಹಿರಂಗವಾಗಿ ಟೀಕಿಸಿದರು. ಆನಂತರ ಮಂಡಳಿಯ ಕಾರ್ಯದರ್ಶಿ ಜಯ್ ಶಾ ಮಾತಾಡಿಸಿದ್ದನ್ನು ವೇದಾ ತಾವೇ ತಿಳಿಸಿದರು. ಇಲ್ಲಿ ಜನ ಆಟಗಾರ್ತಿಯ ಪರವಾಗಿ ನಿಂತರು. ಸಾವು ಎಲ್ಲರಿಗೂ ಅರ್ಥವಾಗುವ ಕಾರಣ, ಅದನ್ನು ಯಾರೂ ಅನುಮಾನಿಸುವುದಿಲ್ಲ.

ಕಾರಣ ಸ್ಪಷ್ಟವಿಲ್ಲದಾಗ ಏನಾಗುತ್ತದೆ ಎಂಬುದಕ್ಕೆ ಭಾರತ ತಂಡದ ಬ್ಯಾಟರ್ ಇಶಾನ್ ಕಿಶನ್ ಸಾಕ್ಷಿ. 2023ರ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕಾದ ಟೆಸ್ಟ್ ಸರಣಿಯಿಂದ ಅವರು ಹೊರಗುಳಿದದ್ದಕ್ಕೆ ಮಂಡಳಿ ಕೊಟ್ಟದ್ದು ವೈಯಕ್ತಿಕ ಕಾರಣ. ಪತ್ರಿಕೆಗಳು ಮಾನಸಿಕ ದಣಿವು ಎಂದು ಬರೆದವು. ಬಿಡುವಿನಲ್ಲಿ ಅವರು ಎಲ್ಲೆಲ್ಲಿ ಕಾಣಿಸಿಕೊಂಡರು ಎಂಬ ಪತ್ತೇದಾರಿಕೆ ಶುರುವಾಯಿತು. ಶಿಸ್ತುಕ್ರಮದ ಮಾತೇ ಇಲ್ಲ ಎಂದು ಕೋಚ್ ರಾಹುಲ್ ದ್ರಾವಿಡ್ ಹೇಳಿದರೂ, 2024ರ ಫೆಬ್ರುವರಿಯ ವಾರ್ಷಿಕ ಗುತ್ತಿಗೆ ಪಟ್ಟಿಯಲ್ಲಿ ಕಿಶನ್ ಹೆಸರಿರಲಿಲ್ಲ. ಕೊಹ್ಲಿ 2022ರಲ್ಲಿ ತಿಂಗಳಿಡೀ ಬ್ಯಾಟ್ ಮುಟ್ಟದೆ ಇದ್ದು, ಏಷ್ಯಾ ಕಪ್‌ನಲ್ಲಿ ಅಫ್ಗಾನಿಸ್ತಾನದ ಎದುರು ಶತಕ ಹೊಡೆದಾಗ ಅದೇ ಬಿಡುವನ್ನು ಜಾಣತನ ಎಂದು ಹೊಗಳಲಾಗಿತ್ತು.

2024ರ ಏಪ್ರಿಲ್‌ನಲ್ಲಿ, ಐಪಿಎಲ್ ನಡುವೆ, ಮ್ಯಾಕ್ಸ್‌ವೆಲ್ ಎರಡನೇ ಬಾರಿ ಬಿಡುವು ಕೇಳಿದರು, ಈ ಸಲ ಬೆಂಗಳೂರಿನಲ್ಲೇ. ಆಗ ಅವರ ಲೆಕ್ಕ ಆರು ಇನಿಂಗ್ಸ್‌ಗೆ 32 ರನ್, ಅದರಲ್ಲಿ ಮೂರು ಸೊನ್ನೆ. ಬೇರೊಬ್ಬರಿಗೆ ಅವಕಾಶ ಕೊಡಿ ಎಂದು ನಾಯಕ ಫಾಫ್ ಡು ಪ್ಲೆಸಿಗೆ ತಾವೇ ಹೇಳಿದ್ದಾಗಿ ತಿಳಿಸಿದರು. 2019ರಲ್ಲಿ ಧೈರ್ಯ ಅನಿಸಿದ್ದು ಈಗ ಅನೇಕ ಅಭಿಮಾನಿಗಳಿಗೆ ಹಾಸ್ಯದ ವಸ್ತುವಾಯಿತು. ವ್ಯಕ್ತಿ ಅದೇ, ಕೋರಿಕೆ ಅದೇ, ಬದಲಾದದ್ದು ಸ್ಕೋರ್ ಮಾತ್ರ. ಋತು ಮುಗಿದಾಗ ಅವರ ಒಟ್ಟು ಗಳಿಕೆ 52 ರನ್. ಮುಂದಿನ ಹರಾಜಿಗೆ ಮುನ್ನ ಆರ್‌ಸಿಬಿ ಅವರನ್ನು ಕೈಬಿಟ್ಟಿತು.

ಜನಾಭಿಪ್ರಾಯಕ್ಕಿಂತ ವ್ಯವಸ್ಥೆ ಮುಂದೆ ಸಾಗಿದೆ ಎನ್ನಬಹುದು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2019ರಲ್ಲಿ ಉನ್ನತ ಮಟ್ಟದ ಕ್ರೀಡಾಪಟುಗಳ ಮಾನಸಿಕ ಆರೋಗ್ಯದ ಬಗ್ಗೆ ತಜ್ಞರ ಒಮ್ಮತದ ಹೇಳಿಕೆ ಹೊರತಂದಿತು. ಭಾರತದ ಹಾಕಿ ತಂಡಕ್ಕೆ 2023ರಲ್ಲಿ ಪ್ಯಾಡಿ ಅಪ್ಟನ್ ಮನೋಬಲ ತರಬೇತುದಾರರಾಗಿ ಬಂದರು. ತಂಡದ ಶಿಬಿರ ನಡೆಯುವುದು ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ (ಸಾಯ್) ಕೇಂದ್ರದಲ್ಲಿ. ಮನೋವೈದ್ಯವನ್ನು ದೊಡ್ಡಾಸ್ಪತ್ರೆಯಿಂದ ಹಳ್ಳಿಗೆ ತರುವ ಪ್ರಯೋಗಕ್ಕೂ ಕರ್ನಾಟಕವೇ ನೆಲೆ. ನಿಮ್ಹಾನ್ಸ್ 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ ಮಾದರಿಯೇ 1996ರಲ್ಲಿ ರಾಷ್ಟ್ರೀಯ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು.

ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಕ್ರೀಡಾಪಟುವಿಗೆ ಹತ್ತಿರವಿರುವುದು ಈ ಜಿಲ್ಲಾ ಮಟ್ಟದ ವ್ಯವಸ್ಥೆಯೇ. ತಂಡದ ಮನಶ್ಶಾಸ್ತ್ರಜ್ಞ, ಕಾರಣ ತಿಳಿಸುವ ಪ್ರಕಟಣೆ ಇವೆಲ್ಲ ತಾಲ್ಲೂಕು ಕ್ರೀಡಾಕೂಟದ ಮಟ್ಟಕ್ಕೆ ಇಳಿದಿಲ್ಲ. ಮಲೆ ಮಹದೇಶ್ವರ ಬೆಟ್ಟದ ತಪ್ಪಲಿನ ಊರಿನಿಂದಲೋ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡಿನಿಂದಲೋ ಕ್ರೀಡಾ ವಸತಿನಿಲಯಕ್ಕೆ ಹೋದ ಮಗು ನಡುವೆಯೇ ಮನೆಗೆ ಮರಳಿದರೆ, ಅದು ಸುದ್ದಿಯಾಗುವುದಿಲ್ಲ. ‘ಮನೆ ಬಿಟ್ಟಿರಕ್ಕೆ ಆಗ್ಲಿಲ್ವಂತೆ’ ಎಂಬ ಒಂದು ಮಾತಿನಲ್ಲಿ ಮುಗಿಯುತ್ತದೆ. ದೈಹಿಕ ಶಿಕ್ಷಕರು ಮತ್ತು ಮನೆಯವರು ಏನೆನ್ನುತ್ತಾರೋ ಅದೇ ಅಲ್ಲಿನ ಜನಾಭಿಪ್ರಾಯ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಸೇವೆ ಇರುತ್ತದೆ. 2022ರ ಅಕ್ಟೋಬರ್ 10ರಂದು ಆರಂಭವಾದ, ನಿಮ್ಹಾನ್ಸ್ ಮುಖ್ಯ ಕೇಂದ್ರವಾಗಿರುವ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಉಚಿತವಾಗಿ ಮಾತಾಡಬಹುದು.